ನನ್ನ ಅಂಗಾಲನ್ನು ನೋಡಿದವರು ಯಾರು?

ಮಾನ್ಯ ವೈದ್ಯಕೀಯ ಅಧೀಕ್ಷಕರೇ,

ತಮ್ಮ ಆಸ್ಪತ್ರೆಯ ಡ್ರೆಸ್ಸಿಂಗ್ ಕೋಣೆಗೆ ತಾವು ಬೀಗ ಹಾಕಿಸಿದ್ದೀರಿ. ಸಕ್ಕರೆ ಕಾಯಿಲೆಯಿಂದ ಕಾಲಿನಲ್ಲಿ ಗಾಯವಾದ ನಮ್ಮಂಥವರಿಗೆ ಇನ್ನು ಮುಂದೆ ಅಲ್ಲಿ ಯಾರೂ ಪಟ್ಟಿ ಕಟ್ಟುವುದಿಲ್ಲ. ಬದಲಿಗೆ ಹೊರಗಿನ ಕಿಟಕಿಯಲ್ಲಿ ಹೈಡ್ರೋಜೆಲ್ ಪಟ್ಟಿಯ ಪೊಟ್ಟಣ ಕೊಡುತ್ತೀರಿ, ನಾವು ಅದನ್ನು ಮನೆಗೆ ಒಯ್ದು ನಾವೇ ಹಚ್ಚಿಕೊಳ್ಳಬೇಕು. ಪೊಟ್ಟಣದ ಜೊತೆಗೆ ಒಂದು ಸೂಚನೆಯ ಹಾಳೆಯೂ ಬರುತ್ತದೆ. ಅದರಲ್ಲಿ ದಪ್ಪ ಅಕ್ಷರದಲ್ಲಿ ಹೀಗಿದೆ: ‘ಪ್ರತಿದಿನವೂ ಮನೆಯ ಸದಸ್ಯರೊಬ್ಬರು ರೋಗಿಯ ಅಂಗಾಲನ್ನು ಪರಿಶೀಲಿಸತಕ್ಕದ್ದು.’ ನನ್ನ ತಕರಾರು ಈ ಒಂದು ವಾಕ್ಯದ ಮೇಲೆ. ನನ್ನ ಮನೆಯ ಸದಸ್ಯ ನಾನೊಬ್ಬನೇ. ನನ್ನ ಅಂಗಾಲು ನನಗೆ ಕಾಣುವುದಿಲ್ಲ. ಆ ವಾಕ್ಯವನ್ನು ಬರೆದವರು, ಬರೆದದ್ದಕ್ಕೆ ಸಹಿ ಹಾಕಿದ ತಾವು, ಮನೆಯಲ್ಲಿ ಬೇರೆ ಯಾರೂ ಇಲ್ಲದ ಮನುಷ್ಯನೂ ಈ ಭೂಮಿಯ ಮೇಲೆ ಇದ್ದಾನು ಎಂದು ಒಂದು ಗಳಿಗೆಯಾದರೂ ಯೋಚಿಸಿದ್ದೀರಾ?

ತಾವು ನನ್ನನ್ನು ಬಲ್ಲಿರಿ ಎಂಬ ಭ್ರಮೆ ನನಗಿಲ್ಲ. ನಾನು ಮಾರುಕಟ್ಟೆಯ ಹಿಂದಿನ ಬೀದಿಯಲ್ಲಿ ಕಟಿಂಗ್ ಶಾಪ್ ಇಟ್ಟುಕೊಂಡಿರುವ ಕ್ಷೌರಿಕ. ಒಂದೇ ಕುರ್ಚಿಯ ಅಂಗಡಿ. ಕೂದಲು ಕತ್ತರಿಸಿ ಮುಗಿದ ಮೇಲೆ ಗಿರಾಕಿಯ ತಲೆಯ ಹಿಂದೆ ಕೈಗನ್ನಡಿ ಹಿಡಿದು ‘ಸರಿ ಬಂತಾ ನೋಡಿ’ ಎನ್ನುವುದು ನಮ್ಮ ಕಸುಬಿನ ಕೊನೆಯ ಕೆಲಸ. ಯಾರಿಗೂ ತಮ್ಮ ಹಿಂದಲೆ ತಮಗೆ ಕಾಣುವುದಿಲ್ಲವಲ್ಲ. ಎಂಥ ಅಧಿಕಾರಿಯೇ ಆಗಿರಲಿ, ಅಷ್ಟು ಹೊತ್ತು ನನ್ನ ಕೈಯ ಕನ್ನಡಿಯನ್ನು ನಂಬಿ ಕೂರಬೇಕು. ಹೆಚ್ಚಿನವರು ನಿಜವಾಗಿ ನೋಡುವುದೂ ಇಲ್ಲ. ನೋಡಿದ ಹಾಗೆ ಮಾಡಿ, ತಲೆಯಾಡಿಸಿ, ‘ಸರಿಯಿದೆ’ ಎಂದು ಎದ್ದು ಹೋಗುತ್ತಾರೆ. ಅದರಲ್ಲಿ ನನಗೇನೂ ಬೇಸರವಿಲ್ಲ, ಹಿಂದಲೆಯ ಕೂದಲು ಕೆಟ್ಟರೆ ಮತ್ತೆ ಬೆಳೆಯುತ್ತದೆ.

ಮುಂದೆ ಹೋಗುವ ಮೊದಲು ಒಂದು ಮಾತು ಸ್ಪಷ್ಟಪಡಿಸುತ್ತೇನೆ. ಇಲ್ಲದಿದ್ದರೆ ತಮ್ಮ ಕಚೇರಿಯವರು ‘ಇವನ್ಯಾರೋ ಹಳೇ ತಲೆ, ಹೊಸ ಔಷಧ ಎಂದರೆ ಮೈ ಪರಚಿಕೊಳ್ಳುತ್ತಾನೆ’ ಎಂದು ಈ ಪತ್ರವನ್ನು ಬದಿಗೆ ಸರಿಸಿಯಾರು. ಜೆಲ್ ಪಟ್ಟಿಯ ಮೇಲೆ ನನಗೆ ಯಾವ ದ್ವೇಷವೂ ಇಲ್ಲ. ಅದು ಒಳ್ಳೆಯ ವಸ್ತು. ಮೊದಲು ಕಟ್ಟುತ್ತಿದ್ದ ಗಾಜ್ ಬಟ್ಟೆ ಗಾಯಕ್ಕೇ ಒಣಗಿ ಅಂಟಿಕೊಳ್ಳುತ್ತಿತ್ತು. ಬಿಚ್ಚುವಾಗ ಆಗತಾನೇ ಹುಟ್ಟಿದ ಮಾಂಸವೂ ಅದರೊಂದಿಗೆ ಕಿತ್ತು ಬರುತ್ತಿತ್ತು. ಜೆಲ್ ಹಾಗಲ್ಲ. ಮುಕ್ಕಾಲುಪಾಲು ನೀರೇ ಆಗಿರುವ ಆ ಮೆತ್ತನೆಯ ಹಾಳೆ ಒಣಗಿದ ಗಾಯಕ್ಕೆ ತೇವ ಕೊಡುತ್ತದೆ, ಸತ್ತ ಚರ್ಮವನ್ನು ಸಡಿಲಿಸುತ್ತದೆ, ತೆಗೆಯುವಾಗ ಗಾಯವನ್ನು ನೋಯಿಸುವುದಿಲ್ಲ. ಮುಟ್ಟಿದರೆ ತಂಪಾಗಿರುತ್ತದೆ. ನನ್ನ ಬೆರಳಿಗೆ ಆ ತಂಪು ಗೊತ್ತು, ಕಾಲಿಗೆ ಮಾತ್ರ ಗೊತ್ತಿಲ್ಲ. ಇನ್ನೊಂದು ಗುಣವನ್ನು ತಮ್ಮ ಹಾಳೆ ಹೆಮ್ಮೆಯಿಂದ ಹೇಳಿಕೊಂಡಿದೆ: ಪಟ್ಟಿ ಪಾರದರ್ಶಕ, ಬಿಚ್ಚದೆಯೇ ಗಾಯವನ್ನು ನೋಡಬಹುದು. ನೋಡಬಹುದು, ಒಪ್ಪಿದೆ. ಯಾರು ನೋಡಬೇಕು ಎನ್ನುವುದೊಂದೇ ತೀರ್ಮಾನವಾಗಬೇಕಾಗಿದೆ.

ನನಗೆ ಈ ಗಾಯ ಆದದ್ದಾದರೂ ಹೇಗೆ ಎಂದು ತಾವು ಕೇಳಿಲ್ಲ, ಆದರೂ ಹೇಳುತ್ತೇನೆ. ಕತ್ತರಿಸಿದ ಕೂದಲು ಬಲು ಚೂಪು. ಗಿಡ್ಡ ಕೂದಲಿನ ಒಂದು ಎಳೆ ಚಪ್ಪಲಿಯೊಳಗೆ ಸೇರಿಕೊಂಡರೆ ಮುಳ್ಳಿನ ಹಾಗೆ ಚರ್ಮದೊಳಗೆ ನುಗ್ಗುತ್ತದೆ. ನಮ್ಮ ಕಸುಬಿನವರಿಗೆಲ್ಲ ಇದು ಗೊತ್ತು. ಕಾಲಲ್ಲಿ ಚುರುಕಿದ್ದರೆ ಆ ಕ್ಷಣವೇ ಚುಚ್ಚಿದ್ದು ತಿಳಿಯುತ್ತದೆ, ಚಿಮಟದಲ್ಲಿ ಕಿತ್ತು ಬಿಸಾಡಿ ಕೆಲಸ ಮುಂದುವರಿಸುತ್ತೇವೆ. ಆದರೆ ಸಕ್ಕರೆ ಕಾಯಿಲೆ ಹಳತಾದ ಹಾಗೆ ನನ್ನ ಪಾದಗಳು ಮರಗಟ್ಟಿದವು. ಯಾವನೋ ಗಿರಾಕಿಯ ಕೂದಲು ನನ್ನ ಅಂಗಾಲಿನೊಳಗೆ ಹೊಕ್ಕು, ಕೀವಾಗಿ, ಹುಣ್ಣಾಗಿ, ಅಂಗಡಿಯ ನೆಲದ ಮೇಲೆ ಕೆಂಪು ಹೆಜ್ಜೆ ಮೂಡುವವರೆಗೆ ನನಗೆ ಸುದ್ದಿಯೇ ಇರಲಿಲ್ಲ. ಆ ಹೆಜ್ಜೆ ನೋಡಿ ‘ಯಾರಿಗೋ ಏನೋ ಆಗಿದೆ’ ಎಂದು ಗಾಬರಿಯಾಗಿ ನಾನೇ ಹುಡುಕಿದೆ. ಅಂಗಡಿಯಲ್ಲಿ ನನ್ನನ್ನು ಬಿಟ್ಟು ಯಾರೂ ಇರಲಿಲ್ಲ.

ಅದಕ್ಕೂ ಮೊದಲು ಹೀಗೆ ಆಗಿರಲಿಲ್ಲ, ಯಾಕೆಂದರೆ ಮನೆಯಲ್ಲಿ ನನ್ನ ಹೆಂಡತಿ ಇದ್ದಳು. ಸಂಜೆ ನಾನು ಬಂದ ಕೂಡಲೇ ಬಾಗಿಲಲ್ಲೇ ತಡೆಯುತ್ತಿದ್ದಳು. “ಅಲ್ಲೇ ಕೂತ್ಕೊಳ್ಳಿ. ಊರವರ ಕೂದಲನ್ನೆಲ್ಲ ಒಳಗೆ ತರಬೇಡಿ” ಎಂದು ಮೆಟ್ಟಿಲ ಮೇಲೆ ಕೂರಿಸಿ, ಅಂಗಿ ಕೊಡವಿಸಿ, ಒದ್ದೆ ಬಟ್ಟೆಯಿಂದ ಎರಡೂ ಅಂಗಾಲು ಒರೆಸುತ್ತಿದ್ದಳು. ಬೆಳಕಿಗೆ ತಿರುಗಿಸಿ ಬೆರಳ ಸಂದಿಯನ್ನೂ ಬಿಡದೆ ನೋಡುತ್ತಿದ್ದಳು. “ನನ್ನ ಮೇಲೆ ಎಷ್ಟು ಪ್ರೀತಿ ನಿಂಗೆ” ಎಂದು ನಾನು ಕೀಟಲೆ ಮಾಡಿದರೆ, “ನಿಮ್ಮ ಮೇಲಲ್ಲ, ನೆಲದ ಮೇಲೆ. ಒರೆಸೋಳು ನಾನಲ್ವಾ?” ಎನ್ನುತ್ತಿದ್ದಳು. ಮದುವೆಯಾದಂದಿನಿಂದ ಅವಳಿಗೆ ಕಾಯಿಲೆ ಜೋರಾಗಿ ಹಾಸಿಗೆ ಹಿಡಿಯುವವರೆಗೆ ಒಂದು ಸಂಜೆಯೂ ಇದು ತಪ್ಪಿರಲಿಲ್ಲ. ಅವಳು ಹೋದ ಮೇಲೆ ನಾನು ಬಾಗಿಲು ತೆಗೆದು ಸೀದಾ ಒಳಗೆ ಹೋಗುತ್ತೇನೆ, ತಡೆಯುವವರಿಲ್ಲ. ನೆಲದ ಮೇಲೆ ಕೂದಲು ಬಿದ್ದಿರುತ್ತದೆ. ತಮ್ಮ ಹಾಳೆಯಲ್ಲಿರುವ ‘ಮನೆಯ ಸದಸ್ಯರೊಬ್ಬರು’ ಎಂಬ ಮಾತನ್ನು ಓದಿದಾಗಲೆಲ್ಲ ನನಗೆ ಆ ಮೆಟ್ಟಿಲು ನೆನಪಾಗುತ್ತದೆ.

ಇನ್ನು ತಾವು ಬೀಗ ಹಾಕಿಸಿದ ಕೋಣೆಯ ವಿಷಯ. ಹಸಿರು ಪರದೆ, ಎರಡು ಮಂಚ, ಹೊರಗೆ ಒಂದು ಉದ್ದನೆಯ ಬೆಂಚು. ಆ ಬೆಂಚಿನ ಮೇಲೆ ಕೂತವರ ಕಸುಬೆಲ್ಲ ಅವರವರ ಕಾಲಿಗೇ ಹೊಕ್ಕಿತ್ತು. ಹೋಟೆಲಿನ ಅಡುಗೆಯವನ ಪಾದಕ್ಕೆ ಕಾದ ಎಣ್ಣೆ ಸಿಡಿದಿತ್ತು. ನನಗೆ ಕೂದಲು. ಹೊಲಿಗೆ ಅಂಗಡಿಯ ಟೈಲರಮ್ಮನಿಗೆ ಗುಂಡುಪಿನ್ನು. ಆಕೆ ನನ್ನನ್ನು ‘ಕಟಿಂಗ್ ಮಾಸ್ಟ್ರೇ’ ಎಂದೇ ಕರೆಯುತ್ತಿದ್ದರು. “ನೀವೂ ಕತ್ತರಿ, ನಾನೂ ಕತ್ತರಿ. ಕೊನೆಗೆ ಇಬ್ಬರನ್ನೂ ಕತ್ತರಿಸೋಕೆ ಇಲ್ಲಿಗೆ ಬಂದಿದ್ದೀವಿ” ಎಂದು ನಗುತ್ತಿದ್ದರು. ಆಕೆಯದೂ ನನ್ನ ಹಾಗೆ ಒಂಟಿ ಜೀವ, ಅಂಗಡಿಯ ಹಿಂದೆಯೇ ಒಂದು ಕೋಣೆ. ಒಳಗಿದ್ದ ಸಿಸ್ಟರ್ ಮಹಾ ಬಾಯಿಬಡುಕಿ. ಕಾಲನ್ನು ಕೈಗೆತ್ತಿಕೊಂಡು, ಕೈ ಅದರ ಪಾಡಿಗೆ ಕೆಲಸ ಮಾಡುತ್ತಿದ್ದರೆ ಬಾಯಿ ಊರ ಸುದ್ದಿಯನ್ನೆಲ್ಲ ಹೇಳುತ್ತಿತ್ತು. ಅರ್ಧ ಮಾತಿನಲ್ಲಿ ನಿಲ್ಲಿಸಿ, “ಇದೇನ್ರೀ, ಮೊನ್ನೆ ಇರ್ಲಿಲ್ವಲ್ಲ ಈ ಕಪ್ಪು? ಯಾವ ಚಪ್ಪಲಿ ಹಾಕ್ಕೊಂಡಿದ್ರಿ?” ಎಂದು ಗದರುತ್ತಿದ್ದರು. ಅಲ್ಲಿಯೂ ಜೆಲ್ ಪಟ್ಟಿ ಇತ್ತು, ಮಾನ್ಯರೇ. ನನ್ನದು ಒಣ ಗಾಯವೆಂದು ನನಗೆ ಹಾಕುತ್ತಿದ್ದರು. ಟೈಲರಮ್ಮನ ಗಾಯ ಸೋರುತ್ತಿತ್ತು, ಅದಕ್ಕೆ ಜೆಲ್ ಹಾಕಿದರೆ ಸುತ್ತಲಿನ ಚರ್ಮ ನೆನೆದು ಹಾಳಾಗುತ್ತದೆಂದು ಬೇರೆ ಪಟ್ಟಿ ಹಾಕುತ್ತಿದ್ದರು. ಯಾರಿಗೆ ಯಾವುದು ಎನ್ನುವುದು ಕಾಲು ನೋಡಿದ ಮೇಲೆ ತೀರ್ಮಾನವಾಗುತ್ತಿತ್ತು.

ನನಗೆ ಆ ಬೆಂಚಿನ ದಿನಗಳು ಬೇಕಾಗಿದ್ದವು ಎಂದು ನಾಚಿಕೆ ಬಿಟ್ಟು ಹೇಳುತ್ತೇನೆ. ದಿನವಿಡೀ ನಾನು ಬೇರೆಯವರ ತಲೆ, ಕೆನ್ನೆ, ಕುತ್ತಿಗೆ ಮುಟ್ಟುತ್ತೇನೆ. ನನ್ನನ್ನು ಮುಟ್ಟುತ್ತಿದ್ದವರು ಆ ಸಿಸ್ಟರ್ ಒಬ್ಬರೇ. ಕಾಲಿಗೆ ಆ ಸ್ಪರ್ಶ ತಿಳಿಯುತ್ತಿರಲಿಲ್ಲ ನಿಜ. ತಲೆಯೆತ್ತಿ ನೋಡಿದರೆ ಒಬ್ಬರು ನನ್ನ ಪಾದವನ್ನು ಹಿಡಿದುಕೊಂಡು ಕೂತಿರುವುದು ಕಾಣುತ್ತಿತ್ತಲ್ಲ, ನನಗೆ ಅಷ್ಟು ಸಾಕಾಗಿತ್ತು. ಬರುವ ದಿನ ನಾನು ಒಗೆದ ಅಂಗಿ ಹಾಕಿಕೊಂಡು ಬರುತ್ತಿದ್ದೆ.

ಕೋಣೆಗೆ ಬೀಗ ಬಿದ್ದ ಮೇಲೆ ಮೊದಲ ಬಾರಿ ಕಿಟಕಿಯ ಮುಂದೆ ನಿಂತಾಗ ನಡೆದ ಮಾತುಕತೆಯನ್ನು ತಮ್ಮ ಅವಗಾಹನೆಗೆ ತರುತ್ತೇನೆ. ಒಳಗಿದ್ದ ಗುಮಾಸ್ತರು ಒಳ್ಳೆಯವರೇ. ತಮ್ಮ ಆದೇಶವನ್ನು ಅಕ್ಷರಕ್ಕೆ ಅಕ್ಷರ ಪಾಲಿಸಿದರು.

“ಇದನ್ನ ನೋಡೋರು ಯಾರು ಸ್ವಾಮಿ?” ಎಂದೆ.

“ಮನೇಲಿ ಯಾರಾದ್ರೂ ಇರ್ತಾರಲ್ಲ, ಅವರ ಹತ್ರ ನೋಡಿಸಿ.”

“ಯಾರೂ ಇಲ್ಲ.”

“ಯಾರೂ ಇಲ್ಲ ಅಂದ್ರೆ?” ಎಂದು ತಲೆಯೆತ್ತಿದರು. ಅದು ಅವರ ಹಾಳೆಯಲ್ಲಿ ಇಲ್ಲದ ಉತ್ತರ. “ಪಕ್ಕದ ಮನೆಯವರು?”

“ಪಕ್ಕದ ಮನೆಯವರ ಬಾಗಿಲು ತಟ್ಟಿ, ಕಾಲೆತ್ತಿ ತೋರಿಸ್ಲಾ?”

ನನ್ನ ಹಿಂದಿದ್ದವರು ನಕ್ಕರು. ಗುಮಾಸ್ತರು ನಗಲಿಲ್ಲ, ಹಾಳೆಯ ಕೆಳಗಿದ್ದ ಒಂದು ನಂಬರಿಗೆ ಪೆನ್ನಿನಿಂದ ಗುರುತು ಹಾಕಿಕೊಟ್ಟರು. “ಮೊಬೈಲ್ ಇದ್ಯಲ್ಲ? ದಿನಾ ಬೆಳಿಗ್ಗೆ ಅಂಗಾಲಿನ ಫೋಟೋ ತೆಗೆದು ಇದಕ್ಕೆ ಕಳಿಸಿ. ನಮ್ಮೋರು ನೋಡಿ ಹೇಳ್ತಾರೆ.”

ನಮ್ಮೋರು ನೋಡಿ ಹೇಳ್ತಾರೆ! ಈ ಮಾತು ಕೇಳಿ ನನ್ನ ಹೊಟ್ಟೆ ತಣ್ಣಗಾಯಿತು ಎಂದರೆ ತಾವು ನಂಬಬೇಕು. ನಾನು ಮನೆಗೆ ಬಂದು, ಅಂಗಡಿಯ ಕೈಗನ್ನಡಿಯನ್ನು ನೆಲದ ಮೇಲಿಟ್ಟು, ಕುರ್ಚಿಯ ಮೇಲೆ ಕೂತು, ಕಾಲನ್ನು ಅದರ ಮೇಲೆ ಹಿಡಿದು, ಬಗ್ಗಿ ನೋಡುವ ಕಸರತ್ತು ಶುರುಮಾಡಿದೆ. ಸಕ್ಕರೆ ನನ್ನ ಕಣ್ಣಿಗೂ ಒಂದು ಕೈ ತೋರಿಸಿದೆ, ಅಂಚುಗಳೆಲ್ಲ ಮಬ್ಬು. ಕನ್ನಡಿಯೂ ಹಳೆಯದು, ಹಿಂದಿನ ಲೇಪ ಅಲ್ಲಲ್ಲಿ ಎದ್ದು ಕಪ್ಪು ಚುಕ್ಕೆಗಳಾಗಿವೆ. ಆದರೂ ಹೇಗೋ ಒಂದು ಫೋಟೋ ತೆಗೆದು ಕಳಿಸಿದೆ. ಸ್ವಲ್ಪ ಹೊತ್ತಿಗೆ ಟಿಣ್ ಎಂದು ಉತ್ತರ ಬಂತು: ‘ಚಿತ್ರ ತಲುಪಿದೆ. ಗಾಯ ಸುಧಾರಿಸುತ್ತಿದೆ. ಹೀಗೆಯೇ ಮುಂದುವರಿಸಿ.’ ನಾನು ಅದನ್ನು ಮತ್ತೆ ಮತ್ತೆ ಓದಿದೆ. ಅಂದು ಬಂದ ಗಿರಾಕಿಗಳೊಂದಿಗೆಲ್ಲ ನಾನು ಸ್ವಲ್ಪ ಹೆಚ್ಚೇ ಮಾತಾಡಿದೆನಂತೆ, ಒಬ್ಬರು ‘ಏನ್ರೀ ವಿಶೇಷ’ ಎಂದು ಕೇಳಿದರು.

ಅಂದಿನಿಂದ ದಿನವೂ ಫೋಟೋ, ದಿನವೂ ಸುಧಾರಣೆ. ದೂರದ ಊರಿನಲ್ಲಿರುವ ನನ್ನ ತಂಗಿ ಫೋನ್ ಮಾಡಿದಾಗ, “ಅಣ್ಣಾ, ಕಾಲು ಹೇಗಿದ್ಯೋ?” ಎಂದಳು.

“ಸುಧಾರಿಸ್ತಿದೆಯಂತೆ.”

“ಅಂತೆ ಅಂದ್ರೇನೋ? ಕಾಲು ನಿಂದೇ ತಾನೆ?”

ಹೌದು, ಕಾಲು ನನ್ನದೇ. ಅದರ ಯೋಗಕ್ಷೇಮ ಮಾತ್ರ ತಮ್ಮ ನಂಬರಿನಿಂದ ನನಗೆ ತಿಳಿಯುತ್ತಿತ್ತು.

ಈಗ ಬೇಕರಿಯವರ ವಿಷಯಕ್ಕೆ ಬರುತ್ತೇನೆ. ನಮ್ಮ ಬೀದಿಯ ಬೇಕರಿಯವರು ನನ್ನ ಹಳೆಯ ಗಿರಾಕಿ. ಅವರ ನೆತ್ತಿಯಲ್ಲಿ ದುಂಡಗೆ ಕೂದಲು ಉದುರಿದೆ. ಅದಕ್ಕೇನೋ ಎಣ್ಣೆ ಹಚ್ಚುತ್ತಾರೆ. ಬೋಳು ಹಿಗ್ಗಿದೆಯೋ ಕುಗ್ಗಿದೆಯೋ ಹೋಲಿಸಿ ನೋಡಲು ಪ್ರತಿ ಬಾರಿ ನನ್ನ ಮೊಬೈಲಿನಲ್ಲೇ ನೆತ್ತಿಯ ಫೋಟೋ ತೆಗೆಸುತ್ತಾರೆ. ಹೀಗೆ ನನ್ನ ಮೊಬೈಲಿನೊಳಗೆ ನನ್ನ ಅಂಗಾಲೂ ಅವರ ನೆತ್ತಿಯೂ ಅಕ್ಕಪಕ್ಕದಲ್ಲಿ ವಾಸವಾಗಿದ್ದವು. ಒಂದು ಬೆಳಿಗ್ಗೆ ಕನ್ನಡಕ ಹಾಕಿಕೊಳ್ಳದೆ, ಕಾಲಿನದೆಂದುಕೊಂಡು ಹಿಂದಿನ ದಿನದ ಬೇಕರಿಯವರ ತಲೆಯನ್ನು ಆಸ್ಪತ್ರೆಗೆ ಕಳಿಸಿಬಿಟ್ಟೆ. ಕಳಿಸಿದ ಮೇಲೆ ಕನ್ನಡಕ ಹಾಕಿ ನೋಡಿ ನಾಲಿಗೆ ಕಚ್ಚಿಕೊಂಡೆ. ಬೈಗುಳ ಬರುತ್ತದೆಂದು ಕಾಯುತ್ತಿದ್ದೆ. ‘ಚಿತ್ರ ತಲುಪಿದೆ. ಗಾಯ ಸುಧಾರಿಸುತ್ತಿದೆ. ಹೀಗೆಯೇ ಮುಂದುವರಿಸಿ.’

ಮಾನ್ಯರೇ, ನಾನು ಅಂಗಡಿಯ ಬಾಗಿಲು ಅರ್ಧ ಎಳೆದು ಹೊಟ್ಟೆ ಹುಣ್ಣಾಗುವಷ್ಟು ನಕ್ಕೆ. ಈ ಶುಭ ಸಮಾಚಾರವನ್ನು ಬೇಕರಿಯವರಿಗೆ ತಿಳಿಸಲಾಗದ ಸಂಕಟ ಬೇರೆ, ಯಾಕೆಂದರೆ ಕತ್ತರಿ ಹಿಡಿದವನ ಕಾಲಲ್ಲಿ ಹುಣ್ಣಿದೆ ಎಂದು ಗೊತ್ತಾದರೆ ನನ್ನ ಕುರ್ಚಿಯ ಮೇಲೆ ಯಾರು ಕೂತಾರು? ನಕ್ಕು ಮುಗಿದ ಮೇಲೆ ಅನುಮಾನ ಹತ್ತಿತು. ಮರುದಿನ ಬೇಕೆಂದೇ ಬಾಚಣಿಗೆಯ ಚಿತ್ರ ಕಳಿಸಿದೆ, ಸುಧಾರಿಸುತ್ತಿತ್ತು. ಮಾಡಿನ ಫ್ಯಾನಿನದು ಕಳಿಸಿದೆ. ವರ್ಷಗಳಿಂದ ಕಿರ್ ಎನ್ನುತ್ತಾ ಸುತ್ತುತ್ತಿರುವ ಆ ಫ್ಯಾನೂ ಸುಧಾರಿಸುತ್ತಿದೆ, ಹೀಗೆಯೇ ಮುಂದುವರಿಯಬೇಕಂತೆ. ಹಾಗಾದರೆ ಇಷ್ಟು ದಿನ ನನ್ನ ಅಂಗಾಲನ್ನು ನೋಡಿದವರು ಯಾರು? ಯಾರೂ ಇಲ್ಲ. ತಾವು ನನ್ನ ಗಿರಾಕಿಗಳ ಹಾಗೆಯೇ ಮಾಡಿದಿರಿ. ನೋಡಿದ ಹಾಗೆ ತಲೆಯಾಡಿಸುವ ಒಂದು ಯಂತ್ರವನ್ನು ಕೂರಿಸಿ, ಎದ್ದು ಹೋದಿರಿ.

ಪೊಟ್ಟಣ ಕೊಡುವ ದಿನ ಟೈಲರಮ್ಮ ಸಿಕ್ಕಾಗ ಇದನ್ನೆಲ್ಲ ಹೇಳಿದೆ. ಬೇಕರಿಯವರ ತಲೆಯ ಕಥೆಗೆ ಅವರೂ ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ಅವರ ಕೈಯಲ್ಲೂ ಜೆಲ್ ಪೊಟ್ಟಣವೇ ಇತ್ತು.

“ನಿಮಗೆ ಸಿಸ್ಟರ್ ಇದು ಬೇಡ ಅಂದಿದ್ರಲ್ಲ?” ಎಂದೆ.

“ಕಿಟಕೀಲಿ ಕೇಳ್ದೆ. ಎಲ್ಲರಿಗೂ ಇದೇ ಅಂತೆ. ಮೆಸೇಜಲ್ಲೂ ಸುಧಾರಿಸ್ತಿದೆ ಅಂತಾನೇ ಬರ್ತಿದೆ.”

“ಆ ಮೆಸೇಜು ನನ್ನ ಫ್ಯಾನಿಗೂ ಬಂದಿದೆ ಟೈಲರಮ್ಮ. ಅದನ್ನ ನಂಬಬೇಡಿ. ನೀವು ನನ್ನ ಕಾಲು ನೋಡಿ, ನಾನು ನಿಮ್ಮದು ನೋಡ್ತೀನಿ.”

ಆಕೆ ಸೆರಗು ಸರಿಮಾಡಿಕೊಂಡು ಆಚೆ ನೋಡಿದರು. “ಈ ವಯಸ್ಸಲ್ಲಿ ಗಂಡಸರ ಮುಂದೆ ಕಾಲು ಚಾಚ್ಕೊಂಡು ಕೂತ್ಕೊಳ್ಲಾ? ನೋಡಿದೋರು ಏನಂದ್ಕೊಂಡಾರು?” ಆಮೇಲೆ ನಗು ಬಿಟ್ಟು ಹೇಳಿದರು: “ಅದು ಸುಳ್ಳೇ ಇರಬಹುದು ಮಾಸ್ಟ್ರೇ. ಆದ್ರೆ ಬೆಳಿಗ್ಗೆ ಎದ್ರೆ ನೀನು ಚೆನ್ನಾಗಿದ್ದೀಯ ಅಂತ ಹೇಳೋದು ಅದೊಂದೇ. ಅದನ್ನೂ ಕಿತ್ಕೋಬೇಡಿ.”

ನಾನು ಮತ್ತೆ ಒತ್ತಾಯಿಸಲಿಲ್ಲ. ಅವರ ಮಾತು ನನಗೆ ಚೆನ್ನಾಗಿ ಅರ್ಥವಾಗಿತ್ತು, ಯಾಕೆಂದರೆ ಎಲ್ಲವೂ ಬೊಗಳೆ ಎಂದು ಗೊತ್ತಾದ ಮೇಲೂ ಬೆಳಿಗ್ಗೆ ಟಿಣ್ ಎನ್ನುವ ಸದ್ದಿಗೆ ನಾನೂ ಕಾಯುತ್ತಿದ್ದೆ. ತಡವಾದರೆ ಮೊಬೈಲನ್ನು ತಿರುಗಿಸಿ ನೋಡುತ್ತಿದ್ದೆ. ಒಂಟಿತನ ಮನುಷ್ಯನನ್ನು ಎಲ್ಲಿಗೆ ತಂದು ನಿಲ್ಲಿಸುತ್ತದೆ ಎಂದು ತಮಗೆ ತಿಳಿಯದಿದ್ದರೆ, ಅದು ತಿಳಿಯದೇ ಇರಲಿ ಎಂದೇ ಹಾರೈಸುತ್ತೇನೆ.

ಆಮೇಲಿನ ಪೊಟ್ಟಣದ ದಿನ ಟೈಲರಮ್ಮ ಬರಲಿಲ್ಲ. ವಿಚಾರಿಸಿದೆ. ಜ್ವರ ಬಂದು ಹೊಲಿಗೆ ಮಿಷನ್ನಿನ ಮೇಲೆಯೇ ತಲೆಯಿಟ್ಟು ಮಲಗಿದ್ದರಂತೆ. ಅಳತೆ ಕೊಡಲು ಬಂದ ಗಿರಾಕಿ ಕರೆದು ಕರೆದು ಸಾಕಾಗಿ, ಮುಟ್ಟಿ ನೋಡಿ, ತಮ್ಮದೇ ಆಸ್ಪತ್ರೆಗೆ ಸೇರಿಸಿದ್ದರು. ನಾನು ವಾರ್ಡಿಗೆ ಹೋಗುವಷ್ಟರಲ್ಲಿ ಆಪರೇಷನ್ ಮುಗಿದಿತ್ತು. ಹೊದಿಕೆಯ ಕೆಳಗೆ ಎಡಗಾಲಿನ ಉಬ್ಬು ಕೊನೆಯವರೆಗೂ ಇತ್ತು. ಬಲಗಾಲಿನದು ಅಷ್ಟು ದೂರ ಬರದೆ ನಿಂತುಬಿಟ್ಟಿತ್ತು. ಗಾಯದ ಸುತ್ತಲಿನ ಚರ್ಮ ನೀರಲ್ಲಿ ನೆನೆದ ಬೆರಳ ತುದಿಯಂತೆ ಬೆಳ್ಳಗೆ ಮೆತ್ತಗಾಗಿ, ಸೋಂಕು ಮೂಳೆಗೆ ಇಳಿದಿತ್ತಂತೆ. ‘ಸ್ವಲ್ಪ ಮೊದಲೇ ಯಾರಾದರೂ ನೋಡಿದ್ದರೆ’ ಎಂದು ತಮ್ಮ ಡಾಕ್ಟರೇ ಆಕೆಗೆ ಹೇಳಿದರಂತೆ. ಯಾರಾದರೂ ಎಂದರೆ ಯಾರು ಎಂದು ಆಕೆ ಕೇಳಲಿಲ್ಲ. ಆಕೆಯ ಪರವಾಗಿ ನಾನು ಇಲ್ಲಿ ಕೇಳುತ್ತಿದ್ದೇನೆ.

ನಾನು ಸ್ಟೂಲಿನ ಮೇಲೆ ಕೂತೆ. ಆಕೆಯೇ ಮಾತು ತೆಗೆದರು. “ಮಿಷನ್ ತುಳಿಯೋದು ಹೇಗೆ ಅಂತ ಯೋಚಿಸ್ತಿದ್ದೆ. ಒಂದೇ ಕಾಲಲ್ಲಿ ತುಳಿದ್ರೆ ಹೊಲಿಗೆ ಸೊಟ್ಟ ಬರುತ್ತೇನೋ ಅಂತ.” ಆಗ ದಿಂಬಿನ ಪಕ್ಕದಲ್ಲಿದ್ದ ಮೊಬೈಲು ಟಿಣ್ ಎಂದಿತು. ಆಕೆ ಎತ್ತಿ ಓದಿ, ನನ್ನ ಕೈಗೆ ಕೊಟ್ಟರು. ‘ತಮ್ಮ ಬಲ ಅಂಗಾಲಿನ ಇಂದಿನ ಚಿತ್ರ ಬಂದಿಲ್ಲ. ದಯವಿಟ್ಟು ಕಳುಹಿಸಿ.’

“ಆಪರೇಷನ್ ಆದಾಗಿಂದ ದಿನಾ ಕೇಳ್ತಿದೆ” ಎಂದರು ಟೈಲರಮ್ಮ. “ಹೋಗ್ಲಿ ಬಿಡಿ. ಅದಕ್ಕಾದ್ರೂ ನನ್ನ ಕಾಲಿನ ನೆನಪಿದೆ.”

ಹೇಳಿ ನಕ್ಕರು. ನನಗೆ ನಗಲು ಆಗಲಿಲ್ಲ. ಅಳು ಬಂತು, ಅತ್ತೆ. ಪಕ್ಕದ ಮಂಚದವರನ್ನು ನೋಡಲು ಬಂದಿದ್ದ ಯಾರೋ ನನ್ನನ್ನು ಆಕೆಯ ಗಂಡನೆಂದು ತಿಳಿದು ಬೆನ್ನು ತಟ್ಟಿ ಸಮಾಧಾನ ಹೇಳಿದರು. ನಾವಿಬ್ಬರೂ ಅದನ್ನು ತಿದ್ದಲು ಹೋಗಲಿಲ್ಲ.

ಈಗ ನನ್ನ ಕಾಲಿನ ಮಾತು. ಈಚೆಗೆ ಕನ್ನಡಿಯಲ್ಲಿ ನನ್ನ ಗಾಯದ ಪಕ್ಕ ಒಂದು ಕಪ್ಪು ಚುಕ್ಕೆ ಕಾಣುತ್ತಿದೆ. ಹಳೇ ಕನ್ನಡಿ, ಚುಕ್ಕೆಗಳಿಗೇನು ಬರವಿಲ್ಲ ಎಂದು ಸಮಾಧಾನ ಮಾಡಿಕೊಂಡೆ. ಆಮೇಲೆ ಕಾಲನ್ನು ಅಲುಗಿಸದೆ ಕನ್ನಡಿಯನ್ನು ಮೆಲ್ಲಗೆ ಸರಿಸಿದೆ. ಚುಕ್ಕೆಗಳೆಲ್ಲ ಕನ್ನಡಿಯ ಜೊತೆಗೆ ಸರಿದವು. ಒಂದು ಮಾತ್ರ ಸರಿಯಲಿಲ್ಲ. ಅಥವಾ ಸರಿಯಲಿಲ್ಲ ಎಂದು ನನ್ನ ಮಬ್ಬುಗಣ್ಣಿಗೆ ತೋರಿತು. ಮತ್ತೆ ಸರಿಸಿದೆ, ಮತ್ತೆ ನೋಡಿದೆ. ಎಷ್ಟು ನೋಡಿದರೂ ಹೌದೋ ಅಲ್ಲವೋ ತೀರ್ಮಾನವಾಗುವುದಿಲ್ಲ. ಮುಟ್ಟಿ ನೋಡಿದರೆ ಕಾಲು ಏನೂ ಹೇಳುವುದಿಲ್ಲ. ಫೋಟೋ ಕಳಿಸಿದೆ, ಸುಧಾರಿಸುತ್ತಿದೆ ಎಂದು ಬಂತು. ನನಗೆ ಹೆದರಿಕೆಯಾಗಿದೆ, ಮಾನ್ಯರೇ. ಕ್ಷೌರಿಕನ ಕೆಲಸ ನಿಂತು ಮಾಡುವ ಕೆಲಸ.

ಕಿಟಕಿಗೆ ಹೋದೆ. ಕಾಲನ್ನು ಡಾಕ್ಟರಿಗೆ ತೋರಿಸಬೇಕು ಎಂದೆ. ‘ಬನ್ನಿ’ ಎಂದು ಮೆಸೇಜು ಬಂದವರಿಗೆ ಮಾತ್ರ ಚೀಟಿ ಕೊಡುವುದಂತೆ. ಮೆಸೇಜು ಯಾರಿಗಾದರೂ ‘ಬನ್ನಿ’ ಎಂದದ್ದುಂಟೇ ಎಂದು ಕೇಳಿದೆ. ಇದುವರೆಗೆ ಇಲ್ಲ, ಎಲ್ಲರದೂ ಸುಧಾರಿಸುತ್ತಿದೆಯಲ್ಲ ಎಂದರು. ತುರ್ತು ವಿಭಾಗಕ್ಕೆ ಹೋದೆ. ಜ್ವರ ಇದೆಯೇ, ರಕ್ತ ಸುರಿಯುತ್ತಿದೆಯೇ, ಇಲ್ಲವಾದರೆ ಕಿಟಕಿಗೆ ಹೋಗಿ ಎಂದರು. ಖಾಸಗಿಯವರ ಬಳಿ ಹೋಗಬಾರದೇ ಎಂದು ತಾವು ಕೇಳಬಹುದು. ಹಾಗೆ ಹೋಗಬಲ್ಲವರು ಯಾವತ್ತೂ ತಮ್ಮ ಬೆಂಚಿನ ಮೇಲೆ ಕೂತಿರಲಿಲ್ಲ. ಕೊನೆಗೆ ಈ ಪತ್ರವನ್ನು ಪತ್ರಿಕೆಗೆ ಕೊಡುವುದೊಂದೇ ದಾರಿ ಉಳಿಯಿತು. ಇದು ಅಚ್ಚಾದ ದಿನ ನನ್ನ ಕಾಲಿನ ಗುಟ್ಟು ಬೀದಿಪಾಲಾಗುತ್ತದೆ. ಎಷ್ಟು ಗಿರಾಕಿಗಳು ಉಳಿಯುತ್ತಾರೋ ಗೊತ್ತಿಲ್ಲ. ಬೇಕರಿಯವರು ತಮ್ಮ ನೆತ್ತಿಯ ವಿಷಯವನ್ನು ಹೀಗೆ ಹತ್ತೂರಿಗೆ ಸಾರಿದ್ದಕ್ಕೆ ದೊಡ್ಡ ಮನಸ್ಸು ಮಾಡಿ ಕ್ಷಮಿಸಬೇಕು.

ಆದ್ದರಿಂದ ನನ್ನ ಬೇಡಿಕೆ ಇಷ್ಟು. ಜೆಲ್ ಪಟ್ಟಿ ಕೊಡುವುದನ್ನು ನಿಲ್ಲಿಸಬೇಡಿ, ಆದರೆ ಕಾಲು ನೋಡಿ ಕೊಡಿ. ಆ ಕೋಣೆಯ ಬೀಗ ತೆಗೆಸಿ. ದಿನವೂ ಬೇಡ, ಪೊಟ್ಟಣ ಕೊಡುವ ದಿನವಾದರೂ ಕಣ್ಣಿರುವ ಒಬ್ಬರನ್ನು ಅಲ್ಲಿ ಕೂರಿಸಿ. ಬಾಯಿಬಡುಕರಾದರೆ ಇನ್ನೂ ಒಳ್ಳೆಯದು. ಸೂಚನೆಯ ಹಾಳೆಯಲ್ಲಿ ‘ಮನೆಯ ಸದಸ್ಯರೊಬ್ಬರು’ ಎಂದಿರುವಲ್ಲಿ ‘ಮನೆಯಲ್ಲಿ ಯಾರೂ ಇಲ್ಲದಿದ್ದರೆ ನಾವು’ ಎಂದು ಸೇರಿಸಿ. ಕೋಣೆಗೆ ಜಾಗವಿಲ್ಲ, ಬೇರೆ ಕಚೇರಿ ಮಾಡಿದ್ದೇವೆ ಎನ್ನುವುದಾದರೆ ನನ್ನ ಅಂಗಡಿಯಿದೆ. ನನ್ನ ಕುರ್ಚಿ ಮೇಲೇರುತ್ತದೆ, ಹಿಂದಕ್ಕೆ ಒರಗುತ್ತದೆ, ಕಾಲಿಡಲು ಹಲಗೆಯಿದೆ, ಮೇಲೆ ಒಳ್ಳೆಯ ದೀಪವಿದೆ. ವಾರದ ರಜೆಯ ದಿನ ಅದು ಖಾಲಿಯೇ ಇರುತ್ತದೆ. ಈ ಪತ್ರದ ನಂತರ ಬೇರೆ ದಿನಗಳಲ್ಲೂ ಖಾಲಿಯಿರಬಹುದು.

ತಮ್ಮಲ್ಲಿ ವೈಯಕ್ತಿಕವಾಗಿಯೂ ಒಂದು ಕೋರಿಕೆ. ಬಿಡುವಾದಾಗ ತಾವೇ ಒಮ್ಮೆ ಅಂಗಡಿಗೆ ಬನ್ನಿ. ತಮ್ಮ ಕೂದಲನ್ನು ಚೆನ್ನಾಗಿ ಕತ್ತರಿಸಿ, ಹಿಂದೆ ಕನ್ನಡಿ ಹಿಡಿದು, ಇದ್ದದ್ದು ಇದ್ದ ಹಾಗೆ ಹೇಳುತ್ತೇನೆ. ಆಮೇಲೆ ತಾವು ಎದ್ದು, ಆ ಕುರ್ಚಿಯಲ್ಲಿ ನಾನು ಕೂತು, ಕಾಲುಚೀಲ ಬಿಚ್ಚುತ್ತೇನೆ. ಆ ಕಪ್ಪು ಚುಕ್ಕೆ ಕನ್ನಡಿಯದೋ ಕಾಲಿನದೋ ತಾವು ನೋಡಬೇಕು. ಸುಧಾರಿಸುತ್ತಿದೆ ಎಂದೇ ಹೇಳಬೇಕೆಂದೇನೂ ಇಲ್ಲ. ಕೆಟ್ಟಿದೆ ಎಂದರೂ ಸರಿಯೇ. ನೋಡಿ ಹೇಳಿ.

ಇಂತಿ,
ಸುಧಾರಿಸುತ್ತಿರುವನೆಂದು ತಮ್ಮಿಂದಲೇ ತಿಳಿದುಕೊಂಡ,
ಮಾರುಕಟ್ಟೆ ಹಿಂದಿನ ಬೀದಿಯ ಒಂದೇ ಕುರ್ಚಿಯ ಕ್ಷೌರಿಕ
(ಸದ್ಯಕ್ಕೆ ಎರಡೂ ಕಾಲಿನ ಮೇಲೆ ನಿಂತು ಬರೆದದ್ದು)